ಕಾರಿನ ಗೇರ್ ಜರ್ಕ್ ಇಲ್ಲದೆ ಬದಲಿಸುವುದು ಹೇಗೆ: ಎಡಗಾಲಿಗೊಂದು ಪಾಠ

ಡ್ರೈವಿಂಗ್ ಸ್ಕೂಲಿನ ಕ್ಲಾಸ್ ಮುಗಿದಿರುತ್ತದೆ. ಆರ್‌ಟಿಓ ಟ್ರ್ಯಾಕಿನಲ್ಲಿ ಎಂಟು ಹಾಕಿ ತೋರಿಸಿ ಲೈಸೆನ್ಸೂ ಬಂದಿರುತ್ತದೆ. ಮನೆಯವರನ್ನು ಕೂರಿಸಿಕೊಂಡು ಸ್ವಂತ ಕಾರು ಹೊರಡಿಸಿದಾಗಲೇ ಬಣ್ಣ ಬಯಲಾಗುವುದು. ಒಂದರಿಂದ ಎರಡಕ್ಕೆ ಹಾಕಿದರೆ ಹಿಂದೆ ಕೂತವರ ತಲೆ ಸೀಟಿಗೆ ಬಡಿಯುತ್ತದೆ. ಮೂರರಿಂದ ಎರಡಕ್ಕೆ ಇಳಿಸಿದರೆ ಎಲ್ಲರೂ ಮುಂದಕ್ಕೆ ಮುಗ್ಗರಿಸುತ್ತಾರೆ. ಸಿಗ್ನಲ್‌ನಲ್ಲಿ ಗಾಡಿ ಆಫ್ ಆಗುತ್ತದೆ, ಹಿಂದಿನವನು ಹಾರ್ನ್ ಬಾರಿಸುತ್ತಾನೆ, ಆ ಗಾಬರಿಯಲ್ಲಿ ಇನ್ನೊಮ್ಮೆ ಆಫ್.

ಇದರಲ್ಲಿ ನಿಮ್ಮ ತಪ್ಪು ಅಷ್ಟೇನೂ ಇಲ್ಲ. ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿನ ಮೇಷ್ಟ್ರ ಕಾಲಡಿಗೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತದೆ. ನೀವು ತಪ್ಪಿದಾಗೆಲ್ಲ ಅವರ ಕಾಲು ಅದನ್ನು ಸರಿ ಮಾಡಿರುತ್ತದೆ. ಸ್ಟೀರಿಂಗ್ ಪೂರ್ತಿ ನಿಮ್ಮದಾಗಿತ್ತು, ಕ್ಲಚ್ ಮಾತ್ರ ಅರ್ಧ ಅವರದೇ ಆಗಿತ್ತು. ಅದಕ್ಕೇ ಗೇರ್ ಹಾಕುವ ಕೈಗಿಂತ ಎಡಗಾಲಿಗೆ ಪಾಠ ಜಾಸ್ತಿ ಬೇಕು. ಇಲ್ಲಿ ಹೇಳುವುದೆಲ್ಲ ಸಾಮಾನ್ಯವಾದ ಐದು ಗೇರಿನ ಕಾರಿಗೆ. ಆರು ಗೇರಿದ್ದರೂ ಲೆಕ್ಕ ಬದಲಾಗುವುದಿಲ್ಲ.

ಮೊದಲು, ಜರ್ಕ್ ಯಾಕೆ ಬರುತ್ತದೆ?

ಎಂಜಿನ್ ತನ್ನ ಪಾಡಿಗೆ ತಿರುಗುತ್ತಿರುತ್ತದೆ. ಚಕ್ರಗಳು ಅವುಗಳ ಪಾಡಿಗೆ. ಇವೆರಡನ್ನೂ ಕೂಡಿಸುವುದು, ಬಿಡಿಸುವುದು ಕ್ಲಚ್ಚಿನ ಕೆಲಸ. ಪೆಡಲ್ ಪೂರ್ತಿ ಒತ್ತಿದರೆ ಸಂಬಂಧ ಕಡಿಯುತ್ತದೆ. ಪೂರ್ತಿ ಬಿಟ್ಟರೆ ಎಂಜಿನ್ನೂ ಚಕ್ರವೂ ಒಂದೇ ಲೆಕ್ಕದಲ್ಲಿ ತಿರುಗಲೇಬೇಕು. ಬಿಡುವ ಹೊತ್ತಿಗೆ ಎರಡರ ವೇಗ ಹೊಂದಿದ್ದರೆ ಗೊತ್ತೇ ಆಗುವುದಿಲ್ಲ. ಹೊಂದದಿದ್ದರೆ ಒಂದು ಇನ್ನೊಂದನ್ನು ಎಳೆಯುತ್ತದೆ. ಆ ಎಳೆತವೇ ಜರ್ಕ್.

ಹೊರಟ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ ಫುಟ್‌ಬೋರ್ಡ್ ಹತ್ತುವವನಿಗೆ ಏನೂ ಆಗುವುದಿಲ್ಲ. ನಿಂತಲ್ಲಿಂದಲೇ ಕಂಬಿ ಹಿಡಿದವನ ತೋಳು ಕಿತ್ತು ಬಂದಂತಾಗುತ್ತದೆ. ಇಲ್ಲೂ ಅದೇ ಕಥೆ.

ಈಗ ಒಂಚೂರು ಲೆಕ್ಕ. ಸಣ್ಣ ಪೆಟ್ರೋಲ್ ಕಾರಿನ ಮೊದಲ ಗೇರಿನಲ್ಲಿ ಎಂಜಿನ್ ಸುಮಾರು ಮೂರೂವರೆ ಸುತ್ತು ತಿರುಗಿದರೆ ಗೇರ್‌ಬಾಕ್ಸಿನಿಂದ ಹೊರಗೆ ಬರುವುದು ಒಂದೇ ಸುತ್ತು. ಎರಡನೇ ಗೇರಿನಲ್ಲಿ ಇದು 1.9ರ ಹತ್ತಿರ, ಮೂರನೆಯದರಲ್ಲಿ 1.3ರ ಹತ್ತಿರ. ನಾಲ್ಕರಲ್ಲಿ ಹೆಚ್ಚುಕಮ್ಮಿ ಒಂದಕ್ಕೊಂದು. ಕಾರಿನಿಂದ ಕಾರಿಗೆ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ, ಹಂತಗಳ ರೀತಿ ಮಾತ್ರ ಹೀಗೇ.

ಇದರಿಂದ ತಿಳಿಯುವುದೇನು? ಮೊದಲ ಗೇರಿನಲ್ಲಿ 2500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ತನಕ ಎಳೆದು ಎರಡಕ್ಕೆ ಹಾಕಿದರೆ, ಅದೇ ವೇಗದಲ್ಲಿ ಎಂಜಿನ್ ಸುಮಾರು 1350ಕ್ಕೆ ಇಳಿಯಬೇಕು. ಎರಡರಿಂದ ಮೂರಕ್ಕಾದರೆ 2500ರಿಂದ 1700. ಮೂರರಿಂದ ನಾಲ್ಕಕ್ಕೆ 2500ರಿಂದ 1900. ಮೇಲಿನ ಗೇರುಗಳಲ್ಲಿ ಹಂತ ಚಿಕ್ಕದು, ಕೆಳಗೆ ದೊಡ್ಡದು. ಕಲಿಯುವವರು ಒಂದರಿಂದ ಎರಡಕ್ಕೇ ಒದ್ದಾಡುವುದು ಇದಕ್ಕೆ. ಎಂಜಿನ್ ಅರ್ಧಕ್ಕರ್ಧ ಇಳಿಯಬೇಕು, ಅದಕ್ಕೆ ಸಮಯ ಬೇಕು, ನಾವು ಕೊಡುವುದಿಲ್ಲ.

ಮನುಷ್ಯರಷ್ಟೇ ಅಲ್ಲ, ಯಂತ್ರವೂ ಇಲ್ಲಿ ತಡವರಿಸುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೋ ಜೊತೆ ನಮ್ಮಲ್ಲಿ ಜನಪ್ರಿಯವಾದ, ಕ್ಲಚ್ ಪೆಡಲ್ ಇಲ್ಲದ ಎಎಂಟಿ ಕಾರುಗಳಲ್ಲಿ ಇರುವುದು ಇದೇ ಮ್ಯಾನುಯಲ್ ಗೇರ್‌ಬಾಕ್ಸ್. ಕ್ಲಚ್ ಒತ್ತುವುದು, ಗೇರ್ ಬದಲಿಸುವುದು ಮಾತ್ರ ಯಂತ್ರ. ಆಕ್ಸಿಲರೇಟರ್ ಒತ್ತಿ ಹಿಡಿದೇ ಇದ್ದರೆ ಅವುಗಳಲ್ಲೂ ಒಂದರಿಂದ ಎರಡಕ್ಕೆ ತಲೆ ಆಡುತ್ತದೆ.

ಕೂರುವುದು, ಕಾಲಡಿ

ಸೀಟನ್ನು ಕ್ಲಚ್ ನೋಡಿ ಸರಿಮಾಡಿಕೊಳ್ಳಬೇಕು. ಪೆಡಲ್ ನೆಲದ ತನಕ ಒತ್ತಿ. ಆಗಲೂ ಮಂಡಿ ಸ್ವಲ್ಪ ಬಾಗಿರಬೇಕು. ಕಾಲು ನೆಟ್ಟಗಾದರೆ ಸೀಟು ದೂರವಾಯಿತು, ಮಂಡಿ ಸ್ಟೀರಿಂಗಿಗೆ ತಾಗಿದರೆ ಹತ್ತಿರವಾಯಿತು. ಹವಾಯಿ ಚಪ್ಪಲಿ ಬೇಡ, ದಪ್ಪ ಅಡಿಯ ಶೂ ಕೂಡ ಕಲಿಯುವಾಗ ಬೇಡ. ಪೆಡಲ್ಲಿನ ಸಣ್ಣ ನಡುಕ ಪಾದಕ್ಕೆ ಗೊತ್ತಾಗಬೇಕು.

ಒಂದು ಮ್ಯಾಟಿನ ಮೇಲೆ ಇನ್ನೊಂದು ಮ್ಯಾಟ್ ಹಾಸಿದ್ದರೆ ತೆಗೆಯಿರಿ. ಕ್ಲಚ್ ನೆಲ ಮುಟ್ಟುವ ಮೊದಲೇ ಮ್ಯಾಟಿಗೆ ತಾಗಿ ನಿಲ್ಲುತ್ತದೆ. ಗೇರ್ ಕರಕರ ಅಂದಾಗ ನಾವು ಗೇರ್‌ಬಾಕ್ಸನ್ನು ಬೈಯುತ್ತೇವೆ!

ಹಂತ ಒಂದು: ಎಂಜಿನ್ ಆಫ್ ಇದ್ದಾಗ ಕೈಗೆ ಅಭ್ಯಾಸ

ಮನೆ ಮುಂದೆ ನಿಂತ ಕಾರಿನಲ್ಲೇ ಇದನ್ನು ಮಾಡಬಹುದು. ಹ್ಯಾಂಡ್‌ಬ್ರೇಕ್ ಹಾಕಿ, ಕ್ಲಚ್ ಪೂರ್ತಿ ಒತ್ತಿ, ಗೇರ್ ಬದಲಿಸುತ್ತಾ ಹೋಗಿ. ರಸ್ತೆ ನೋಡುತ್ತಾ ಮಾಡಿ, ಲಿವರ್ ನೋಡುತ್ತಾ ಅಲ್ಲ.

ನ್ಯೂಟ್ರಲ್‌ನಲ್ಲಿ ಲಿವರನ್ನು ಎಡಕ್ಕೆ ತಳ್ಳಿ ಬಿಡಿ. ಅದು ತಾನಾಗಿ ಮಧ್ಯಕ್ಕೆ ಬರುತ್ತದೆ. ಬಲಕ್ಕೆ ಎಳೆದು ಬಿಟ್ಟರೂ ಅಷ್ಟೇ. ಒಳಗಿನ ಸ್ಪ್ರಿಂಗ್ ಅದನ್ನು ಮೂರು ಮತ್ತು ನಾಲ್ಕನೇ ಗೇರಿನ ಸಾಲಿಗೆ ತಂದು ನಿಲ್ಲಿಸುತ್ತದೆ. ಹಾಗಾಗಿ ಎರಡರಿಂದ ಮೂರಕ್ಕೆ ಹೋಗುವಾಗ ಬಲಕ್ಕೆ ತಿರುಚಬೇಕಾಗಿಲ್ಲ. ನ್ಯೂಟ್ರಲ್‌ಗೆ ತಂದು, ಹಿಡಿತ ಸಡಿಲಿಸಿ, ನೇರ ಮುಂದಕ್ಕೆ ತಳ್ಳಿ. ಮೂರು ಅಲ್ಲೇ ಇರುತ್ತದೆ. ಐದರಿಂದ ನಾಲ್ಕಕ್ಕೆ ಇಳಿಸುವಾಗ ಇದು ಇನ್ನೂ ಮುಖ್ಯ. ಆತುರದಲ್ಲಿ ಎಡಕ್ಕೆ ಒತ್ತಿ ಎಳೆದರೆ ಎರಡನೇ ಗೇರ್ ಬೀಳುತ್ತದೆ. ಹೈವೇ ವೇಗದಲ್ಲಿ ಹಾಗಾದರೆ ಎಂಜಿನ್ ಕಿರುಚುತ್ತದೆ, ಕಾರು ಹಿಡಿತ ತಪ್ಪಲೂಬಹುದು.

ಅಂಗೈ ಎತ್ತ ತಿರುಗಿದೆ ಎನ್ನುವುದರಿಂದ ಅರ್ಧ ಕೆಲಸ ಆಗುತ್ತದೆ. ಒಂದು, ಎರಡಕ್ಕೆ ಅಂಗೈ ಎಡಗಡೆಗೆ, ಅಂದರೆ ಪಕ್ಕದ ಸೀಟಿನ ಕಡೆಗೆ ಇರಲಿ. ಮೂರು, ನಾಲ್ಕಕ್ಕೆ ಲಿವರಿನ ತುದಿಯ ಗುಬುಟಿನ ಮೇಲೆ ಸುಮ್ನೆ ಅಂಗೈ ಇಡಿ. ಐದಕ್ಕೆ ಅಂಗೈ ನಿಮ್ಮ ಕಡೆಗೆ. ಮುಷ್ಟಿ ಬಿಗಿದು ಹಿಡಿಯುವ ಅಗತ್ಯವೇ ಇಲ್ಲ. ಬಲ ಹಾಕಬೇಕು ಅನಿಸಿದರೆ ಕ್ಲಚ್ ಪೂರ್ತಿ ಒತ್ತಿಲ್ಲ ಅಥವಾ ಆತುರಪಡುತ್ತಿದ್ದೀರಿ ಎಂದರ್ಥ.

ಆತುರದ ಮಾತು ಬಂತಲ್ಲ, ಗೇರ್‌ಬಾಕ್ಸಿನ ಒಳಗೆ ಸಿಂಕ್ರೊನೈಸರ್ ಎಂಬ ಉಂಗುರಗಳಿವೆ, ಸಾಮಾನ್ಯವಾಗಿ ಹಿತ್ತಾಳೆಯವು. ಹಲ್ಲುಗಳು ಕೂಡುವ ಮೊದಲು ಅವು ಉಜ್ಜಿ ಉಜ್ಜಿ ವೇಗ ಹೊಂದಿಸುತ್ತವೆ. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಇದು ಮೊದಲು ಬಂತು. ಅದಿಲ್ಲದ ಹಳೆಯ ಲಾರಿಗಳಲ್ಲಿ ಒಂದು ಗೇರಿಗೆ ಎರಡು ಸಲ ಕ್ಲಚ್ ಒತ್ತಬೇಕಿತ್ತು. ನಿಮಗೆ ಆ ಕಷ್ಟ ಇಲ್ಲ. ಆದರೆ ಆ ಉಂಗುರಕ್ಕೆ ತನ್ನ ಕೆಲಸ ಮಾಡಲು ಒಂದು ಕ್ಷಣ ಬೇಕು. ನ್ಯೂಟ್ರಲ್ ದಾಟುವಾಗ ಲಿವರ್ ಮೇಲೆ ಹಗುರವಾದ ಒತ್ತಡ ಇಟ್ಟು ಕಾಯಿರಿ. ಗೇರ್ ತಾನೇ ಒಳಗೆ ಜಾರುತ್ತದೆ.

ಹಂತ ಎರಡು: ಆಕ್ಸಿಲರೇಟರ್ ಮುಟ್ಟದೆ ಗಾಡಿ ಹೊರಡಿಸುವುದು

ಈ ಇಡೀ ಬರಹದಲ್ಲಿ ಒಂದೇ ಒಂದನ್ನು ಮಾಡುವುದಾದರೆ ಇದನ್ನು ಮಾಡಿ.

ಸಮತಟ್ಟಾದ ಖಾಲಿ ಜಾಗ ಬೇಕು. ಊರಾಚೆ ಸೈಟ್ ಮಾಡಿ ಇನ್ನೂ ಮನೆ ಏಳದ ಲೇಔಟುಗಳ ರಸ್ತೆ ಇದಕ್ಕೆ ಹೇಳಿ ಮಾಡಿಸಿದ್ದು. ಭಾನುವಾರ ಬೆಳಿಗ್ಗೆ ಬೇಗ ಹೋಗಿ. ಇನ್ನೂ ಎಲ್‌ಎಲ್‌ಆರ್ ಇದ್ದರೆ ಲೈಸೆನ್ಸ್ ಇರುವವರು ಪಕ್ಕದಲ್ಲಿ ಇರಲೇಬೇಕು, ಎಲ್ ಬೋರ್ಡ್ ಹಾಕಿರಲೇಬೇಕು.

ಕ್ಲಚ್ ಪೂರ್ತಿ ಒತ್ತಿ ಮೊದಲ ಗೇರ್ ಹಾಕಿ. ಹ್ಯಾಂಡ್‌ಬ್ರೇಕ್ ಇಳಿಸಿ. ಬಲಗಾಲನ್ನು ಬ್ರೇಕಿನಿಂದ ತೆಗೆದು ಅದರ ಹತ್ತಿರವೇ ಸುಮ್ಮನೆ ಇಟ್ಟುಕೊಳ್ಳಿ. ಈಗ ಎಡಗಾಲನ್ನು ಮೆಲ್ಲಗೆ, ತೀರಾ ಮೆಲ್ಲಗೆ, ಎತ್ತುತ್ತಾ ಬನ್ನಿ. ಮೊದಲ ಒಂದೆರಡು ಇಂಚು ಏನೂ ಆಗುವುದಿಲ್ಲ. ಆಮೇಲೆ ಎಂಜಿನ್ನಿನ ದನಿ ಒಂಚೂರು ಭಾರವಾಗುತ್ತದೆ. ಪೆಡಲ್‌ನಲ್ಲಿ ನವಿರಾದ ನಡುಕ. ಆರ್‌ಪಿಎಂ ಮುಳ್ಳು ಕೂದಲೆಳೆಯಷ್ಟು ಇಳಿಯುತ್ತದೆ. ಬಾನೆಟ್ ಕೊಂಚ ಮೇಲೆದ್ದಂತೆ ಕಾಣುತ್ತದೆ.

ಅಲ್ಲೇ ನಿಲ್ಲಿಸಿ. ಇದೇ ಕ್ಲಚ್ ಹಿಡಿಯುವ ಜಾಗ. ಡ್ರೈವರುಗಳ ಬಾಯಲ್ಲಿ ಹಾಫ್ ಕ್ಲಚ್.

ಕಲಿಯುವವರಲ್ಲಿ ಹೆಚ್ಚಿನವರು ಇಲ್ಲಿ ಮಾಡುವ ತಪ್ಪು ಒಂದೇ. ಕಾರು ಕದಲಿದ್ದೇ ತಡ, ಕೆಲಸ ಆಯಿತೆಂದು ಕಾಲು ಕಿತ್ತುಬಿಡುತ್ತಾರೆ. ಹಾಗೆ ಮಾಡಬೇಡಿ. ಕಾರು ಕದಲಿದ ಮೇಲೂ ಕಾಲು ಅಲ್ಲೇ ಒಂದೆರಡು ಸೆಕೆಂಡ್ ನಿಂತಿರಲಿ. ಎಂಜಿನ್ ಮತ್ತು ಚಕ್ರದ ವೇಗ ಒಂದಕ್ಕೊಂದು ಹೊಂದುವುದು ಆ ಎರಡು ಸೆಕೆಂಡಿನಲ್ಲಿ. ಆಮೇಲೆ ಉಳಿದದ್ದನ್ನು ಬಿಡಿ. ಕಾರು ಮೊದಲ ಗೇರಿನಲ್ಲಿ ಗಂಟೆಗೆ ಆರೇಳು ಕಿಲೋಮೀಟರ್ ವೇಗದಲ್ಲಿ, ಜೋರಾಗಿ ನಡೆಯುವವರ ಜೊತೆಜೊತೆಗೆ, ತಾನಾಗಿ ಸಾಗುತ್ತದೆ. ಕ್ಲಚ್ ಒತ್ತಿ, ಬ್ರೇಕ್ ಹಾಕಿ ನಿಲ್ಲಿಸಿ. ಮತ್ತೆ ಮೊದಲಿನಿಂದ. ಬೇಸರ ಬರುವಷ್ಟು ಸಲ ಮಾಡಿ.

‘ರೇಸ್ ಕೊಡದೆ ಗಾಡಿ ಹೋಗುತ್ತಾ?’ ಅಂತ ಅಪ್ಪನೋ ಮಾವನೋ ಪಕ್ಕದಿಂದ ಕೇಳಬಹುದು. ಅವರು ಕಲಿತದ್ದು ಕಾರ್ಬ್ಯುರೇಟರ್ ಕಾಲದಲ್ಲಿ, ಆಗ ಅದು ಸರಿಯಾದ ಮಾತು. ಈಗಿನ ಕಾರುಗಳಲ್ಲಿ ಎಂಜಿನ್ ಮೇಲೆ ಭಾರ ಬಿದ್ದ ಕೂಡಲೇ ಕಂಪ್ಯೂಟರ್ ತಾನೇ ಸ್ವಲ್ಪ ಇಂಧನ ಜಾಸ್ತಿ ಕೊಟ್ಟು ಆಫ್ ಆಗದಂತೆ ನೋಡಿಕೊಳ್ಳುತ್ತದೆ. ಡೀಸೆಲ್ ಕಾರಿನಲ್ಲಿ ಇದು ಇನ್ನೂ ಸುಲಭ. ಏರು ಇದ್ದರೆ, ಐದು ಜನ ಕೂತಿದ್ದರೆ ರೇಸ್ ಬೇಕೇ ಬೇಕು. ಆದರೆ ರೇಸ್ ಕೊಟ್ಟು ಕಲಿತವರಿಗೆ ಕ್ಲಚ್ ಹಿಡಿಯುವ ಜಾಗ ಎಲ್ಲಿದೆ ಅಂತ ಕೊನೆಗೂ ಗೊತ್ತಾಗುವುದಿಲ್ಲ. ಆ ಸದ್ದಿನಲ್ಲಿ ಅದು ಮುಚ್ಚಿಹೋಗುತ್ತದೆ.

ಇದು ಕಾಲಿಗೆ ಹತ್ತಿದ ಮೇಲೆ ರೇಸ್ ಸೇರಿಸಿ. ಹಿಡಿಯುವ ಜಾಗಕ್ಕೆ ಬನ್ನಿ, ಆಕ್ಸಿಲರೇಟರನ್ನು 1300–1500 ಆರ್‌ಪಿಎಂ ಬರುವಷ್ಟು ಒತ್ತಿ, ಅಲ್ಲೇ ಹಿಡಿದು ಕ್ಲಚ್ ಬಿಡಿ. ಬೇರೆಯವರ ಕಾರು ಓಡಿಸಬೇಕಾಗಿ ಬಂದರೆ ಮೊದಲು ಒಂದು ನಿಮಿಷ ಈ ಅಭ್ಯಾಸ ಮಾಡಿ. ಪ್ರತಿ ಕಾರಿನಲ್ಲೂ ಆ ಜಾಗ ಬೇರೆ.

ಹಂತ ಮೂರು: ಒಂದರಿಂದ ಎರಡಕ್ಕೆ

ಮೊದಲ ಗೇರ್ ಇರುವುದು ಕಾರನ್ನು ನಿಂತಲ್ಲಿಂದ ಕದಲಿಸಲಿಕ್ಕೆ. ಅದರಲ್ಲಿ ವೇಗ ಹಿಡಿಯಲು ಹೋಗಬೇಡಿ. ಗಂಟೆಗೆ 15 ಕಿಲೋಮೀಟರ್ ಮುಟ್ಟಿದರೆ ಸಾಕು, ಎರಡಕ್ಕೆ ಹೋಗಿ. ಜಾಸ್ತಿ ಎಳೆದಷ್ಟೂ ಎಂಜಿನ್ ಇಳಿಯಬೇಕಾದ ದೂರವೂ ಜಾಸ್ತಿ.

ಬಲಗಾಲು ಆಕ್ಸಿಲರೇಟರಿನಿಂದ ಏಳಲಿ, ಅದರ ಬೆನ್ನಿಗೇ ಎಡಗಾಲು ಕ್ಲಚ್ಚನ್ನು ನೆಲಕ್ಕೆ ಒತ್ತಲಿ. ಕ್ಲಚ್ ಒತ್ತುವುದು ಬೇಗ ಆಗಬೇಕು, ಅದರಲ್ಲಿ ನಯ ಬೇಕಿಲ್ಲ. ನಯ ಬೇಕಿರುವುದು ಬಿಡುವಾಗ. ಲಿವರನ್ನು ಎಡಕ್ಕೆ ಒತ್ತಿಕೊಂಡೇ ನೇರ ಹಿಂದಕ್ಕೆ ಎಳೆಯಿರಿ. ಈ ಹೊತ್ತಿಗೆ ಎಂಜಿನ್ ದನಿ ಇಳಿಯುತ್ತಿರುತ್ತದೆ. ಕಿವಿ ಅಲ್ಲಿರಲಿ. ಆರ್‌ಪಿಎಂ ಮುಳ್ಳು 1100–1200ರ ಹತ್ತಿರ ಬಂದಾಗ ಕ್ಲಚ್ಚನ್ನು ಹಿಡಿಯುವ ಜಾಗದ ತನಕ ಎತ್ತಿ, ಅಲ್ಲಿ ಅರೆಕ್ಷಣ ತಡೆದು, ಪೂರ್ತಿ ಬಿಡಿ. ಬಿಟ್ಟ ಮೇಲೆ ಆಕ್ಸಿಲರೇಟರ್ ಮೆಲ್ಲಗೆ ಒತ್ತಿ. ಒಮ್ಮೆಗೇ ಒತ್ತಿದರೆ ಅದರದ್ದೇ ಇನ್ನೊಂದು ಜರ್ಕ್.

ತಪ್ಪಾದರೆ ಯಾವ ಕಡೆ ತಪ್ಪಿದಿರಿ ಎಂದು ಕೂತವರ ತಲೆ ಹೇಳುತ್ತದೆ. ಕ್ಲಚ್ ಬಿಟ್ಟಾಗ ಕಾರು ಮುಂದಕ್ಕೆ ಚಿಮ್ಮಿ ತಲೆ ಹಿಂದಕ್ಕೆ ಹೋಯಿತೋ, ಎಂಜಿನ್ ಇನ್ನೂ ಜೋರಾಗಿತ್ತು. ಬೇಗ ಬಿಟ್ಟಿರಿ, ಅಥವಾ ಬಲಗಾಲು ಪೂರ್ತಿ ಎದ್ದಿರಲಿಲ್ಲ. ಕಾರು ಜಗ್ಗಿದಂತಾಗಿ ತಲೆ ಮುಂದಕ್ಕೆ ಬಂತೋ, ಎಂಜಿನ್ ಆಗಲೇ ತೀರಾ ಇಳಿದಿತ್ತು. ತಡ ಮಾಡಿದಿರಿ. ಮೊದಲನೆಯದಕ್ಕೆ ಮದ್ದು ಸ್ವಲ್ಪ ಕಾಯುವುದು, ಎರಡನೆಯದಕ್ಕೆ ಬಿಡುವ ಮೊದಲು ಆಕ್ಸಿಲರೇಟರಿಗೆ ಒಂಚೂರು ಒತ್ತು ಕೊಡುವುದು. ‘ಕ್ಲಚ್ ನಿಧಾನಕ್ಕೆ ಬಿಡಿ’ ಎಂಬ ಒಂದೇ ಸಲಹೆಯನ್ನು ಎಲ್ಲದಕ್ಕೂ ಕೊಡುವವರಿದ್ದಾರೆ. ನಿಧಾನಕ್ಕೆ ಬಿಟ್ಟರೆ ಜರ್ಕ್ ಮರೆಯಾಗುತ್ತದೆ, ನಿಜ. ಆದರೆ ಆ ಹೊಂದದ ವೇಗವನ್ನೆಲ್ಲ ಕ್ಲಚ್ ಪ್ಲೇಟ್ ಉಜ್ಜಿಕೊಂಡು ನುಂಗುತ್ತದೆ. ಸಮಯ ಸರಿ ಇದ್ದರೆ ಬೇಗ ಬಿಟ್ಟರೂ ಜರ್ಕ್ ಬರುವುದಿಲ್ಲ.

ಎರಡರಿಂದ ಮೇಲಕ್ಕೆ ಇದೇ ಕ್ರಮ, ಇನ್ನೂ ಸುಲಭ. ಹಂತ ಚಿಕ್ಕದಾದ್ದರಿಂದ ಕಾಯುವ ಹೊತ್ತೂ ಕಡಿಮೆ. ಸಣ್ಣ ಪೆಟ್ರೋಲ್ ಕಾರಿನಲ್ಲಿ 25–30ಕ್ಕೆ ಮೂರು, 40ರ ಹತ್ತಿರ ನಾಲ್ಕು, 55–60ಕ್ಕೆ ಐದು ಎಂದಿಟ್ಟುಕೊಳ್ಳಿ. ಪೆಟ್ರೋಲಿಗೆ 2000ದಿಂದ 2500 ಆರ್‌ಪಿಎಂ, ಡೀಸೆಲ್ಲಿಗೆ 1800–2000 ಆದಾಗ ಬದಲಿಸಿದರೆ ಸಾಮಾನ್ಯವಾಗಿ ಸರಿ ಹೋಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಮೇಲ್ಮುಖ ಬಾಣ ತೋರಿಸುವ ಕಾರುಗಳಿವೆಯಲ್ಲ, ಆ ಬಾಣದ ಕಣ್ಣು ಮೈಲೇಜಿನ ಮೇಲೆ. ಏರಿನಲ್ಲಿ, ಓವರ್‌ಟೇಕ್ ಮಾಡುವಾಗ ಅದರ ಮಾತು ಕೇಳಬೇಕಾಗಿಲ್ಲ. ಒತ್ತಿದರೂ ಗಾಡಿ ಎಳೆಯದೆ ಗುಡುಗುಡು ನಡುಗಿದರೆ ಗೇರ್ ಜಾಸ್ತಿಯಾಗಿದೆ, ಒಂದು ಇಳಿಸಿ.

ಹಂತ ನಾಲ್ಕು: ಗೇರ್ ಇಳಿಸುವುದು

ಏರಿಸುವುದನ್ನು ಎಲ್ಲರೂ ಒಂದಲ್ಲ ಒಂದು ದಿನ ಕಲಿಯುತ್ತಾರೆ. ಇಳಿಸುವುದನ್ನು ಹತ್ತು ವರ್ಷ ಓಡಿಸಿದವರೂ ಕಲಿತಿರುವುದಿಲ್ಲ. ಕ್ಲಚ್ ನಿಧಾನಕ್ಕೆ ಬಿಟ್ಟು ಸಂಭಾಳಿಸಿಕೊಂಡು ಬಂದಿರುತ್ತಾರೆ.

ಗೇರ್ ಏರಿಸುವಾಗ ಎಂಜಿನ್ ಇಳಿಯಬೇಕು, ಅದು ತಾನಾಗಿ ಇಳಿಯುತ್ತದೆ. ಗೇರ್ ಇಳಿಸುವಾಗ ಎಂಜಿನ್ ಏರಬೇಕು, ತಾನಾಗಿ ಏರುವುದಿಲ್ಲ. ಮೂರರಲ್ಲಿ 1500 ಆರ್‌ಪಿಎಂ ಇದ್ದರೆ ಅದೇ ವೇಗಕ್ಕೆ ಎರಡರಲ್ಲಿ ಸುಮಾರು 2200 ಬೇಕು. ಕ್ಲಚ್ ಒತ್ತಿದ ಕೂಡಲೇ ಎಂಜಿನ್ 800ರ ಕಡೆಗೆ ಬೀಳತೊಡಗುತ್ತದೆ. ಅಲ್ಲಿಂದ 2200ಕ್ಕೆ ಅದನ್ನು ಎತ್ತುವವರು ಯಾರು? ನೀವು ಎತ್ತದಿದ್ದರೆ ಚಕ್ರವೇ ಎತ್ತಬೇಕು. ಅದಕ್ಕೇ ಕಾರು ಬ್ರೇಕ್ ಹಾಕಿದಂತೆ ಮುಗ್ಗರಿಸುವುದು.

ಹಾಗಾಗಿ ಬೇರೆ ಗೇರಿಗೆ ಇಳಿಸಿ, ಕ್ಲಚ್ ಇನ್ನೂ ಒತ್ತಿರುವಾಗಲೇ ಆಕ್ಸಿಲರೇಟರಿಗೆ ಒಂದು ಚಿಕ್ಕ ಒತ್ತು ಕೊಡಿ. ದನಿ ಏರಿದ ತಕ್ಷಣ ಕ್ಲಚ್ ಬಿಡಿ. ಬೈಕ್ ಓಡಿಸುವವರಿಗೆ ಇದು ಹೊಸದಲ್ಲ, ಗೇರ್ ಇಳಿಸುವಾಗ ಅವರ ಕೈ ತಾನೇ ಥ್ರಾಟಲ್ ತಿರುವುತ್ತದೆ. ಮೊದಲಿಗೆ ನಾಲ್ಕರಿಂದ ಮೂರಕ್ಕೆ ಅಭ್ಯಾಸ ಮಾಡಿ, ಅಲ್ಲಿ ಅಂತರ ಕಡಿಮೆ. ಖಾಲಿ ರಸ್ತೆಯಲ್ಲಿ 40ರಲ್ಲಿ ಹೋಗುತ್ತಾ ನಾಲ್ಕು, ಮೂರು, ನಾಲ್ಕು, ಮೂರು. ಸ್ಪೀಡೋಮೀಟರ್ ಕದಲಬಾರದು, ದನಿ ಮಾತ್ರ ಬದಲಾಗಬೇಕು. ಪಕ್ಕದಲ್ಲಿ ಮೊಬೈಲ್ ನೋಡುತ್ತಾ ಕೂತವರು ತಲೆ ಎತ್ತದಿದ್ದರೆ ಪಾಸ್.

ಬ್ರೇಕ್ ಹಾಕುತ್ತಲೇ ಗೇರ್ ಇಳಿಸಬೇಕಾದಾಗ ಬಲಗಾಲು ಬ್ರೇಕ್ ಮೇಲಿರುತ್ತದೆ, ರೇಸ್ ಕೊಡಲು ಇನ್ನೊಂದು ಕಾಲಿಲ್ಲ. ಕಾರ್ ರೇಸಿನಲ್ಲಿ ಓಡಿಸುವವರು ಒಂದೇ ಪಾದದಲ್ಲಿ ಎರಡನ್ನೂ ಮಾಡುತ್ತಾರೆ, ನಮ್ಮ ರಸ್ತೆಗೆ ಅದು ಬೇಡ. ವೇಗವನ್ನು ಬ್ರೇಕಿನಿಂದಲೇ ಪೂರ್ತಿ ಇಳಿಸಿಕೊಳ್ಳಿ. ಆಮೇಲೆ, ಆ ವೇಗಕ್ಕೆ ಯಾವುದು ಸರಿಯೋ ಆ ಗೇರ್ ಹಾಕಿ.

ಹಂಪ್ ಇದಕ್ಕೆ ಒಳ್ಳೆಯ ಉದಾಹರಣೆ. ಮೂರರಲ್ಲಿ ಬರುತ್ತಿದ್ದೀರಿ, ಮುಂದೆ ಹಂಪ್. ಬಣ್ಣ ಬಳಿದಿರುವುದಿಲ್ಲ, ಹತ್ತಿರ ಬಂದಾಗಲೇ ಕಾಣುವುದು. ಮೂರರಲ್ಲೇ ಬ್ರೇಕ್ ಹಾಕಿ 15ರ ಹತ್ತಿರ ತನ್ನಿ. ಕ್ಲಚ್ ಒತ್ತಿ ಎರಡಕ್ಕೆ ಹಾಕಿ. ಈ ವೇಗದಲ್ಲಿ ಎರಡನೇ ಗೇರಿಗೆ ಬೇಕಿರುವುದು ಸಾವಿರದ ಆಸುಪಾಸು ಆರ್‌ಪಿಎಂ. ಎಂಜಿನ್ ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ, ಆದ್ದರಿಂದ ರೇಸ್ ಇಲ್ಲದೆಯೂ ಕ್ಲಚ್ ನಯವಾಗಿ ಕೂಡುತ್ತದೆ. ಹಿಂದಿನ ಚಕ್ರವೂ ದಾಟಿದ ಮೇಲೆ ಆಕ್ಸಿಲರೇಟರ್ ಒತ್ತಿ. ಎತ್ತರದ ಹಂಪ್ ಆದರೆ ನಿಂತಷ್ಟೇ ನಿಧಾನಿಸಿ ಮೊದಲ ಗೇರಿನಲ್ಲಿ ದಾಟಿ. ಕ್ಲಚ್ ಒತ್ತಿ ಹಿಡಿದುಕೊಂಡೇ ಹಂಪ್ ಹಾರಿಸುವ ಅಭ್ಯಾಸ ಬೇಡ.

ಸಿಗ್ನಲ್‌ಗೆ ನಿಲ್ಲಿಸುವಾಗ ನಾಲ್ಕು, ಮೂರು, ಎರಡು, ಒಂದು ಅಂತ ಮೆಟ್ಟಿಲಿಳಿಯುವ ಅಗತ್ಯ ಇಲ್ಲ. ಇದ್ದ ಗೇರಿನಲ್ಲೇ ಬ್ರೇಕ್ ಹಾಕುತ್ತಾ ಬನ್ನಿ. ಆರ್‌ಪಿಎಂ ಸಾವಿರಕ್ಕೆ ಇಳಿದಾಗ ಕ್ಲಚ್ ಒತ್ತಿ, ನಿಂತ ಮೇಲೆ ನ್ಯೂಟ್ರಲ್ ಮಾಡಿ. ಕಾರು ನಿಲ್ಲುವ ಕೊನೇ ಗಳಿಗೆಯಲ್ಲಿ ಬ್ರೇಕನ್ನು ಕೂದಲಷ್ಟು ಸಡಿಲಿಸಿದರೆ ನಿಂತದ್ದೇ ಗೊತ್ತಾಗುವುದಿಲ್ಲ.

ಬಂಪರ್ ಟು ಬಂಪರ್

ಸಿಲ್ಕ್ ಬೋರ್ಡಿನಲ್ಲೋ ಹೆಬ್ಬಾಳದಲ್ಲೋ ಸಂಜೆ ಸಿಕ್ಕಿಕೊಂಡವರಿಗೆ ಎಡಗಾಲು ನೋಯುವುದು ಹೊಸ ವಿಷಯ ಅಲ್ಲ. ಮುಂದಿನ ಕಾರು ಎರಡಡಿ ಕದಲಿದ ಕೂಡಲೇ ನಾವೂ ಕದಲಬೇಕು ಅನ್ನುವ ಹಟದಿಂದಲೇ ಅರ್ಧ ನೋವು. ಒಂದು ಕಾರು ಹಿಡಿಯುವಷ್ಟು ಜಾಗ ಬಿಡುವ ತನಕ ಕಾಯಿರಿ. ಆಮೇಲೆ ಹಂತ ಎರಡರಲ್ಲಿ ಕಲಿತದ್ದನ್ನೇ ಮಾಡಿ: ಆಕ್ಸಿಲರೇಟರ್ ಮುಟ್ಟದೆ ಹೊರಟು, ಕ್ಲಚ್ ಪೂರ್ತಿ ಬಿಟ್ಟು, ಆರೇಳರ ವೇಗದಲ್ಲಿ ತೆವಳುವುದು. ಟ್ರಾಫಿಕ್ ಹತ್ತು ಹನ್ನೆರಡರಲ್ಲಿ ಸಾಗುತ್ತಿದ್ದರೆ ಎರಡನೇ ಗೇರ್ ರೇಸ್ ಇಲ್ಲದೆಯೇ ಆ ವೇಗ ಕೊಡುತ್ತದೆ. ನೀವು ಬಿಟ್ಟ ಜಾಗಕ್ಕೆ ಆಟೋ ನುಗ್ಗುತ್ತದೆ, ಹೌದು. ನುಗ್ಗಲಿ ಬಿಡಿ. ಕ್ಲಚ್ ಸೆಟ್ ಬದಲಿಸಲು ಇಡೀ ಗೇರ್‌ಬಾಕ್ಸ್ ಇಳಿಸಬೇಕು. ಆ ಬಿಲ್ಲಿನ ಮುಂದೆ ಒಂದು ಆಟೋ ಏನು ಮಹಾ.

ನಿಂತಾಗ ಮೊದಲ ಗೇರ್ ಹಾಕಿ ಕ್ಲಚ್ ಒತ್ತಿಕೊಂಡು ಕಾಯಬೇಡಿ. ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ. ಹಾಗೆ ಒತ್ತಿಕೊಂಡಿದ್ದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಸವೆಯುತ್ತದೆ. ಓಡಿಸುವಾಗಲೂ ಪಾದ ಪೆಡಲ್ ಮೇಲೆ ಇರುವುದು ಬೇಡ. ಹಗುರವಾಗಿ ಇಟ್ಟರೂ ಪ್ಲೇಟ್ ಜಾರಲು ಅಷ್ಟು ಸಾಕು.

ಏರು ಮತ್ತು ಘಾಟಿ

ಏರಿನಲ್ಲಿ ನಿಂತು ಹೊರಡುವಾಗ ಕಾರು ಹಿಂದಕ್ಕೆ ಜಾರುವ ಭಯ ಎಲ್ಲರಿಗೂ ಇರುತ್ತದೆ. ಮಾಲ್‌ಗಳ ಬೇಸ್‌ಮೆಂಟ್ ಪಾರ್ಕಿಂಗಿನ ರ‍್ಯಾಂಪ್ ಅಂದರೇ ಕೆಲವರಿಗೆ ಬೆವರು. ಹ್ಯಾಂಡ್‌ಬ್ರೇಕ್ ಎಳೆದೇ ಇರಿ. ಮೊದಲ ಗೇರ್ ಹಾಕಿ, 1500–2000 ತನಕ ರೇಸ್ ಕೊಟ್ಟು, ಕ್ಲಚ್ಚನ್ನು ಹಿಡಿಯುವ ಜಾಗಕ್ಕೆ ತನ್ನಿ. ಎಂಜಿನ್ ದನಿ ಭಾರವಾಗಿ, ಕಾರಿನ ಹಿಂಭಾಗ ಕೊಂಚ ಕುಸಿದಂತೆ ಆಗುತ್ತದೆ. ಅಂದರೆ ಕಾರು ಹೊರಡಲು ತಯಾರು, ತಡೆದಿರುವುದು ಹ್ಯಾಂಡ್‌ಬ್ರೇಕ್ ಮಾತ್ರ. ಈಗ ಅದನ್ನು ಇಳಿಸಿ. ಕಾರು ಒಂದಂಗುಲವೂ ಹಿಂದೆ ಬರದೆ ಮುಂದೆ ಹೋಗುತ್ತದೆ. ಹಿಲ್ ಹೋಲ್ಡ್ ಇರುವ ಹೊಸ ಕಾರುಗಳಲ್ಲಿ ಬ್ರೇಕ್ ಬಿಟ್ಟ ಮೇಲೂ ಒಂದೆರಡು ಸೆಕೆಂಡ್ ಕಾರು ನಿಂತಿರುತ್ತದೆ. ಆದರೂ ಹ್ಯಾಂಡ್‌ಬ್ರೇಕ್ ವಿಧಾನ ಕಲಿತಿಡಿ. ಏರಿನಲ್ಲಿ ಕ್ಲಚ್ ಮೇಲೆಯೇ ಕಾರು ನಿಲ್ಲಿಸಿಕೊಂಡು ಕಾಯುವುದು ಮಾತ್ರ ಬೇಡವೇ ಬೇಡ. ಸುಟ್ಟ ವಾಸನೆ ಬರುವುದು ಅದರಿಂದಲೇ.

ಘಾಟಿ ಹತ್ತುವಾಗ ಗೇರನ್ನು ತಿರುವಿಗೆ ಮೊದಲೇ ಇಳಿಸಿಕೊಳ್ಳಬೇಕು. ತೀರ್ಥಹಳ್ಳಿ–ಉಡುಪಿ ದಾರಿಯ ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಕೆಳಗೆ ಸೋಮೇಶ್ವರದಿಂದ ಹತ್ತುತ್ತಾ ಬಂದರೆ ಪ್ರತಿ ತಿರುವಿನಲ್ಲೂ ವೇಗ ಸತ್ತುಹೋಗುತ್ತದೆ. ತಿರುವಿನ ಮಧ್ಯದಲ್ಲಿ ಗೇರ್ ಬದಲಿಸಲು ಹೋದರೆ ಒಂದು ಕೈ ಸ್ಟೀರಿಂಗ್‌ನಿಂದ ಹೋಯಿತು, ಕ್ಲಚ್ ಒತ್ತಿದ್ದರಿಂದ ಎಳೆತವೂ ಹೋಯಿತು. ತಿರುವಿಗೆ ಹತ್ತು ಮಾರು ಇರುವಾಗಲೇ ಎರಡಕ್ಕೆ ಹಾಕಿ. ಗಾಡಿ ತುಂಬಿದ್ದರೆ ಒಂದಕ್ಕೇ. ಮೊದಲ ಗೇರಿಗೆ ಇಳಿಸುವಾಗ ಕಾರು ಹೆಚ್ಚುಕಮ್ಮಿ ನಿಂತಷ್ಟು ನಿಧಾನವಾಗಿರಬೇಕು. ತಿರುವು ಮುಗಿದು ಸ್ಟೀರಿಂಗ್ ನೇರವಾಗುವ ತನಕ ಮುಂದಿನ ಗೇರಿನ ಯೋಚನೆ ಬೇಡ.

ಇಳಿಯುವಾಗ ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರ್. ಶಿರಾಡಿಯಲ್ಲಿ ಲಾರಿಗಳ ಹಿಂದೆ ಇಳಿಯುವಾಗ ಎರಡು ಅಥವಾ ಮೂರರಲ್ಲಿದ್ದರೆ ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ. ಬ್ರೇಕನ್ನು ಆಗಾಗ ಒತ್ತಿ ಬಿಟ್ಟರೆ ಸಾಕು. ಸದಾ ಒತ್ತಿಕೊಂಡೇ ಇಳಿದರೆ ಬ್ರೇಕ್ ಕಾದು ಹಿಡಿಯುವುದನ್ನೇ ಬಿಡುತ್ತದೆ. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡಿ ಇಳಿಯುವವರು ಇನ್ನೂ ಇದ್ದಾರೆ. ಈಗಿನ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನ ಪೂರೈಕೆಯೇ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಉಸಿರಾಡಲಾದರೂ ಇಂಧನ ಬೇಕು. ಅಂದರೆ ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ. ಎಂಜಿನ್ ಆಫ್ ಮಾಡಿ ಇಳಿಯುವುದು ಇನ್ನೂ ಕೆಟ್ಟದ್ದು. ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಿನಂತಾಗುತ್ತದೆ, ಸ್ಟೀರಿಂಗ್ ತೀರಾ ಭಾರವಾಗುತ್ತದೆ.

ಅಂದಹಾಗೆ, ಕಿರಿದಾದ ಘಾಟಿಯಲ್ಲಿ ಹತ್ತುವ ಗಾಡಿಗೆ ದಾರಿ ಬಿಡಬೇಕು ಅನ್ನುವುದು ಸೌಜನ್ಯ ಮಾತ್ರ ಅಲ್ಲ, ನಿಯಮ. ಏರಿನಲ್ಲಿ ನಿಂತು ಹೊರಡುವ ಕಷ್ಟ ಈಗ ನಿಮಗೇ ಗೊತ್ತಲ್ವಾ.

ರಿವರ್ಸ್, ಮತ್ತು ಕೆಲವು ಸದ್ದುಗಳು

ರಿವರ್ಸ್ ಗೇರ್ ಎಲ್ಲಿದೆ ಅನ್ನುವುದು ಕಾರಿನಿಂದ ಕಾರಿಗೆ ಬೇರೆ. ಮಾರುತಿಯ ಅನೇಕ ಕಾರುಗಳಲ್ಲಿ ಐದನೇ ಗೇರಿನ ಸಾಲಿನಲ್ಲೇ ಹಿಂದಕ್ಕೆ. ಹುಂಡೈ ಕಾರುಗಳಲ್ಲಿ ಹೆಚ್ಚಾಗಿ ಗುಬುಟಿನ ಕೆಳಗಿನ ಉಂಗುರ ಎತ್ತಿ ಎಡಕ್ಕೆ ಮುಂದಕ್ಕೆ. ಫೋಕ್ಸ್‌ವ್ಯಾಗನ್‌ನಲ್ಲಿ ಲಿವರನ್ನೇ ಕೆಳಕ್ಕೆ ಒತ್ತಬೇಕು. ಬಹಳ ಕಾರುಗಳಲ್ಲಿ ರಿವರ್ಸಿಗೆ ಆ ಹಿತ್ತಾಳೆ ಉಂಗುರ ಇರುವುದಿಲ್ಲ. ಅದಕ್ಕೇ ಕಾರು ಪೂರ್ತಿ ನಿಂತು, ಕ್ಲಚ್ ಒತ್ತಿ ಎರಡು ಸೆಕೆಂಡ್ ಆದ ಮೇಲೆ ಹಾಕಿ. ಆದರೂ ಕರಕರ ಅಂದರೆ ಒಮ್ಮೆ ಒಂದನೇ ಗೇರಿಗೆ ಹಾಕಿ ತೆಗೆದು ಆಮೇಲೆ ರಿವರ್ಸ್ ಹಾಕಿ. ರಿವರ್ಸಿನಲ್ಲಿ ವೇಗವನ್ನು ಕ್ಲಚ್ಚಿನಿಂದಲೇ ನಿಭಾಯಿಸಿ. ಹಂತ ಎರಡರ ಅಭ್ಯಾಸ ಇಲ್ಲೂ ಕೈಹಿಡಿಯುತ್ತದೆ.

ಇಷ್ಟೆಲ್ಲ ಮಾಡಿದರೂ ಗೇರ್ ಸರಿ ಬೀಳುತ್ತಿಲ್ಲ ಅಂದರೆ ತಪ್ಪು ಗಾಡಿಯದ್ದೂ ಇರಬಹುದು. ಕ್ಲಚ್ ತೀರಾ ಮೇಲೆ ಬಂದಾಗ ಮಾತ್ರ ಹಿಡಿಯುತ್ತಿದ್ದರೆ, ಪೆಡಲ್ ಗಟ್ಟಿಯಾಗಿದ್ದರೆ, ಏರಿನಲ್ಲಿ ಒತ್ತಿದಾಗ ಆರ್‌ಪಿಎಂ ಏರಿದರೂ ವೇಗ ಏರದಿದ್ದರೆ ಪ್ಲೇಟ್ ಸವೆದಿದೆ. ಪೆಡಲ್ ಒತ್ತಿದಾಗ ಮಾತ್ರ ಕುಂಯ್ ಎಂಬ ಸದ್ದು ಬರುತ್ತಿದ್ದರೆ ರಿಲೀಸ್ ಬೇರಿಂಗ್ ನೋಡಿಸಿ. ಎಲ್ಲ ಗೇರೂ ಕಷ್ಟಪಟ್ಟು ಬೀಳುತ್ತಿದ್ದರೆ ಕ್ಲಚ್ ಕೇಬಲ್ ಸಡಿಲವಾಗಿರಬಹುದು, ಅದು ಹತ್ತು ನಿಮಿಷದ ಕೆಲಸ. ಒಂದೇ ಗೇರ್ ಕರಕರ ಅನ್ನುತ್ತಿದ್ದರೆ ಆ ಗೇರಿನ ಸಿಂಕ್ರೊನೈಸರ್ ಹೋಗಿದೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಟೆಸ್ಟ್ ಡ್ರೈವ್‌ನಲ್ಲಿ ಮೂರರಿಂದ ಎರಡಕ್ಕೆ ಇಳಿಸಿ ನೋಡಬೇಕು. ಮೊದಲು ಹಾಳಾಗುವುದು ಹೆಚ್ಚಾಗಿ ಎರಡನೇ ಗೇರಿನದ್ದೇ.